ಒಂಬತ್ತು ದಿನ ತಡವಾದ ಅರ್ಜಿ

ಬೆಳಗಿನ ಏಳರ ರೈಲಿಗೆ ಹಾಕಿದರೆ ಒಂದು ಕ್ಯಾನ್ ಕೆನೆಗೆ ಮೂರು ಡಾಲರ್. ಸಂಜೆಯ ರೈಲಿಗಾದರೆ ಅಷ್ಟರಲ್ಲಿ ಹುಳಿಯಾಗಿ ಒಂದೂವರೆ. ವಾಷಿಂಗ್ಟನ್ನಿನ ದೊಡ್ಡ ಕೋರ್ಟಿಗೆ ಹೋಗಲು ವಕೀಲ ಕೇಳಿದ್ದು ನೂರ ಇಪ್ಪತ್ತು. ಅಂದರೆ ರೈತ ಹೆಂಗಸು ಬೊಹುಮಿಲಾ ತನ್ನ ಐದು ಹಸುಗಳಲ್ಲಿ ಮೂರನ್ನು ಮಾರಬೇಕು.

ನೆಬ್ರಾಸ್ಕದ ಆ ಪುಟ್ಟ ಊರಿನಲ್ಲಿ ಏಳರ ರೈಲು ನಿಲ್ಲಿಸುವುದನ್ನು ಕಂಪನಿ ಬಿಟ್ಟಿತು. ರಾಜ್ಯದ ರೈಲ್ವೆ ಮಂಡಳಿ ಹೂಂ ಅಂದಿತು. ಒಪ್ಪದವರು ಮೂವತ್ತು ದಿನದೊಳಗೆ ರಾಜ್ಯದ ಕೋರ್ಟಿಗೆ ಅರ್ಜಿ ಹಾಕಬೇಕಿತ್ತು. ಆದರೆ ಅದು ಒಕ್ಕಣೆಯ ಕಾಲ. ಹನ್ನೊಂದು ಮನೆಗೆ ಒಂದೇ ಯಂತ್ರ. ಕೊನೆಯ ಮನೆಯ ಗೋಧಿ ಮುಗಿಯುವವರೆಗೆ ಯಾರೂ ಕೆಲಸ ಬಿಟ್ಟು ಕದಲುವಂತಿಲ್ಲ. ಊರವರ ಅರ್ಜಿ ಒಂಬತ್ತು ದಿನ ತಡವಾಯಿತು. ಅವಧಿ ಮೀರಿದೆ ಎಂದು ಕೋರ್ಟು ತಳ್ಳಿಹಾಕಿತು.

“ನಾಳೆ ಹಸು ಹೊಡ್ಕೊಂಡು ಸಂತೆಗೆ ಹೋಗ್ತೀನಿ,” ಎಂದ ಬೊಹುಮಿಲಾಳ ಗಂಡ ವೊಯ್ತೆಖ್. “ರೈಲು ರಾಜ್ಯ ದಾಟಿ ಓಡುತ್ತೆ. ದೇಶದ ಕಾನೂನು ನಮ್ಮ ಕಡೆಗಿದೆ.”

ಪಕ್ಕದ ಮನೆಯ ಒತಿಲಿಯೆ ಹದಿನಾಲ್ಕು ವರ್ಷ ಕೋರ್ಟಿನ ಕಾಗದ ನಕಲು ಮಾಡಿದವಳು. ಕಾಫಿ ಲೋಟ ಕೆಳಗಿಟ್ಟಳು.

“ಇರಬಹುದು ಕಣಯ್ಯ. ಆದ್ರೆ ನಿನ್ನ ದೇಶದ ಕಾನೂನಿನ ಮಾತನ್ನ ರಾಜ್ಯದ ಕೋರ್ಟು ಮುಟ್ಟೇ ಇಲ್ವಲ್ಲ! ತಾರೀಖು ಮೀರಿದೆ ಅಂತ ಮುಗಿಸಿಬಿಡ್ತು. ಅದು ರಾಜ್ಯದ ನಿಯಮ.”

“ವಾಷಿಂಗ್ಟನ್ ದೊಡ್ಡದಲ್ವಾ ಒತಿಲಿಯೆ ಅತ್ತೆ?” ಎಂದ ವೊಯ್ತೆಖ್.

“ದೇಶದ ಕಾನೂನಿಗೆ ದೊಡ್ಡದು. ರಾಜ್ಯದ ಕಾನೂನಿಗೆ ರಾಜ್ಯದ ಕೋರ್ಟಿನ ಮಾತೇ ಕೊನೆ. ನೀನು ಹೇಳೋದೇ ಸರಿ ಅಂತ ವಾಷಿಂಗ್ಟನ್ನಿನವರು ಒಪ್ಪಿದ್ರೂ ಆ ಒಂಬತ್ತು ದಿನ ಎಲ್ಲಿಗೆ ಹೋಗುತ್ತೆ? ನೀನು ಸೋತಿದ್ದು ಸೋತ ಹಾಗೇ. ಅದಕ್ಕೇ ಅವರು ಅಂಥ ತೀರ್ಪಿಗೆ ಕೈ ಹಾಕಲ್ಲ.”

“ಎಲ್ಲಾ ಕಂಪನಿಯವರ ಆಟ!”

“ನಿನ್ನನ್ನ ಸೋಲಿಸೋಕೇ ಹೊಸದಾಗಿ ಹುಟ್ಟಿಸಿದ ನಿಯಮ ಆಗಿದ್ರೆ ಬೇರೆ ಮಾತು. ಇದು ಎಲ್ಲರಿಗೂ ಒಂದೇ. ಹೋದ ವರ್ಷ ಇನ್ನೊಂದು ಕೇಸಲ್ಲಿ ಕಂಪನಿಯೇ ತಡಮಾಡಿ ಸೋತಿತ್ತು. ಆ ಕಾಗದ ನಾನೇ ಬರೆದಿದ್ದು.”

ಬೊಹುಮಿಲಾ ಗಂಡನ ಕಡೆ ತಿರುಗಿದಳು. “ಒಬ್ಬ ಗಂಡಸು ಒಂದು ದಿನ ಕಮ್ಮಿಯಾಗಿದ್ರೆ ಗೋಧಿ ಕೊಳೀತಿತ್ತಾ?” ಎಂದಳು. “ಕಳಿಸಿ ಅಂತ ನಾನೂ ಬಾಯಿ ಬಿಡಲಿಲ್ಲ. ಇಪ್ಪತ್ತು ಜನಕ್ಕೆ ಅಡುಗೆ ಮಾಡ್ತಾ ಕೂತೆ.”

ವೊಯ್ತೆಖ್ ಎದ್ದ. ಹೊರಗೆ ಹೋಗಿ, ಸಂತೆಗೆಂದು ಬೇರೆ ಕಟ್ಟಿದ್ದ ಹಸುಗಳನ್ನು ಬಿಚ್ಚಿ ಒಳಗೆ ಬಿಟ್ಟ.

ಹಳಿಯ ಪಕ್ಕದಲ್ಲಿ ಬದುಕುವವರೇ, ಆದೇಶ ಕೈಗೆ ಬಂದ ದಿನವೇ ಕೊನೆಯ ತಾರೀಖು ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಎಷ್ಟೇ ಕೆಲಸವಿರಲಿ, ಒಬ್ಬರನ್ನು ಕಳಿಸಿ. ರಾಜ್ಯದ ಕಾನೂನು, ದೇಶದ ಕಾನೂನು ಎರಡನ್ನೂ ಮೊದಲ ಅರ್ಜಿಯಲ್ಲೇ ಹೇಳಿ. ಕೆಳಗಿನ ಕೋರ್ಟಿನಲ್ಲಿ ಕೈಬಿಟ್ಟದ್ದು ಮೇಲಿನ ಕೋರ್ಟಿನಲ್ಲಿ ಸಿಗುತ್ತದೆಂದು ಮನೆ ಬರಿದು ಮಾಡಿಕೊಳ್ಳಬೇಡಿ.

ಆ ಊರಿನಲ್ಲಿ ಏಳರ ರೈಲು ಮತ್ತೆ ನಿಲ್ಲಲಿಲ್ಲ. ಮಾರಬೇಕಿದ್ದ ಮೂರು ಹಸುಗಳು ಮಾತ್ರ ಬೊಹುಮಿಲಾಳ ಕೊಟ್ಟಿಗೆಯಲ್ಲೇ ಉಳಿದವು.