ನಾಲ್ಕನೇ ಚೌಕ

ಚಿಕ್ಕರಾಜು ಎತ್ತಿದ ಹಾರೆ ನೆಲಕ್ಕೆ ಬೀಳುವ ಮೊದಲೇ ಭಾನುಪ್ರಿಯ ಓಡಿಬಂದು ಅವನ ಮೊಣಕೈ ಹಿಡಿದುಕೊಂಡಳು. ಗುಂಡಿ ತೋಡುವ ಜಾಗಕ್ಕೆ ಹೆಂಗಸರು ಬರುವ ವಾಡಿಕೆ ಇರಲಿಲ್ಲ. ಗುದ್ದಲಿ ಹಿಡಿದಿದ್ದ ಇಬ್ಬರು ಪಕ್ಕಕ್ಕೆ ಸರಿದು ಕೆರೆಯ ಕಡೆ ಮುಖ ಮಾಡಿ ನಿಂತರು.

"ಇಲ್ಲಿ ಬ್ಯಾಡ ಚಿಕ್ಕಪ್ಪ."

"ಇಲ್ಲಿ ಬ್ಯಾಡ ಅಂದ್ರೆ ಇನ್ನೆಲ್ಲವ್ವ?"

"ಅವ್ವನ ಮಗ್ಗುಲಿಗೆ. ಅಪ್ಪ ಅಲ್ಲಿ ಜಾಗ ಬುಟ್ಕಂಡಿರ್ಲಿಲ್ವಾ?"

ಚಿಕ್ಕರಾಜು ಹಾರೆಯನ್ನು ಊರಿ ಅದರ ಮೇಲೆ ಭಾರ ಹಾಕಿದ. ಅಣ್ಣ ಸಿದ್ದಯ್ಯನ ಪ್ರಾಣ ಹೋದಾಗಿನಿಂದ ಅವನು ಕೂತಿರಲಿಲ್ಲ.

"ಅದೀಗ ಕಂಪ್ನಿ ಕಾಂಪೌಂಡು ಕಣ್ ಮಗ. ಅಲ್ದೆ ನಿಮ್ಮಪ್ಪನೇ ಹೇಳವ್ನೆ. ಹೋದ್ ತಿಂಗ್ಳು ಇದೇ ಏರಿ ಮ್ಯಾಲೆ ಕೂತ್ಕಂಡು, ನಾನ್ ಸತ್ರೆ ಕೆರೆ ಮಗ್ಗುಲಿಗೇ ಇಟ್ಬುಡ್ಲಾ ಅಂದ."

"ಅಪ್ಪ ಹಂಗನ್ನಕಿಲ್ಲ."

"ಅಂದ ಕಣವ್ವ. ನಾನ್ಯಾಕ್ ಸುಳ್ ಹೇಳ್ಲಿ?"

"ನಿನ್ ಮಗ ಅದೇ ಕಂಪ್ನೀಗೆ ಹೋಯ್ತಾನಲ್ಲ. ಅದ್ಕೆ."

ಗುದ್ದಲಿ ಹಿಡಿದವರಲ್ಲಿ ಒಬ್ಬ ಕೆಮ್ಮಿದ. ಚಿಕ್ಕರಾಜು ಅಣ್ಣನ ಮಗಳಂತಲ್ಲ, ಯಾರೋ ಅಪರಿಚಿತಳಂತೆ ಅವಳನ್ನು ನೋಡಿದ. ಆಮೇಲೆ ಹಾರೆಯನ್ನು ನೆಲಕ್ಕೆ ಮಲಗಿಸಿದ.

"ಹೋಗು. ಕೇಳ್ಕಂಡ್ ಬಾ. ಹೊತ್ ಮುಳುಗೋದ್ರೊಳ್ಗೆ ಮಣ್ ಮಾಡ್ಬೇಕು, ಅಷ್ಟ್ ಗ್ಯಾನ ಇರ್ಲಿ."

ಕಂಪನಿಯ ದಾರಿ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಸಿದ್ದಯ್ಯನನ್ನು ಜಗಲಿಯ ಮೇಲೆ ಮಲಗಿಸಿದ್ದರು. ತಲೆಯ ಹತ್ತಿರ ದೀಪ, ಎದೆಯ ಮೇಲೆ ಒಂದೇ ಹಾರ. ಚಪ್ಪರದ ನೆರಳಲ್ಲಿ ಕೂತಿದ್ದ ಹೆಂಗಸರು ಅತ್ತು ಮುಗಿಸಿ ಮಾತಿಗೆ ಇಳಿದಿದ್ದರು.

"ಕುರಿ ಕಾಯೋನಿಗೆ ಕಂಪ್ನಿಯೋರು ಕಾವಲಿನ್ ಸೀಟಿ ಕೊಟ್ರಲ್ಲ, ಮೊದಮೊದ್ಲು ಊದಿದ್ರೆ ಊರ್ ಕುರಿಯೆಲ್ಲ ತಿರುಗ್ ನೋಡ್ತಿದ್ವು" ಎಂದಳು ಬೈರಮ್ಮ. ಅವಳು ಪಕ್ಕದ ಮನೆಯವಳು, ಸಿದ್ದಯ್ಯನಿಗಿಂತ ದೊಡ್ಡವಳು.

"ಗೇಟಲ್ ಯಾವ್ದೇ ಗಾಡಿ ಹೋಗ್ಲಿ, ಸಲ್ಯೂಟ್ ಹೊಡ್ಯೋನು. ಗೊಬ್ರದ್ ಟ್ರ್ಯಾಕ್ಟ್ರಿಗೂ ಹೊಡ್ದವ್ನೆ" ಎಂದಳು ಇನ್ನೊಬ್ಬಳು.

"ಯಾಕ್ ಸಿದ್ದಣ್ಣ ಅಂದ್ರೆ, ಗೊಬ್ರ ಏನ್ ಸಣ್ ಮನ್ಸ್ಯಾನೇನವ್ವ ಅಂದ."

ಯಾರೋ ನಕ್ಕರು. ನಕ್ಕವಳೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಭಾನುಪ್ರಿಯ ನಿಲ್ಲಲಿಲ್ಲ.

*

ಭಾನುಪ್ರಿಯಳ ಅವ್ವ ದಾಸಮ್ಮ ಸತ್ತಾಗ ಆ ನೆಲ ಇನ್ನೂ ಅವರದೇ ಆಗಿತ್ತು. ಹೊಲದ ಮೂಲೆಯ ಹೊಂಗೆ ಮರದ ಕೆಳಗೆ ಅವಳನ್ನು ಇಟ್ಟರು. ಗುಂಡಿ ಮುಚ್ಚಿದ ಮೇಲೆ ಸಿದ್ದಯ್ಯ ಪಕ್ಕದಲ್ಲಿ ಒಂದು ಆಳುದ್ದದ ಜಾಗವನ್ನು ಕಾಲಿನಲ್ಲಿ ಗೀಚಿ, "ಇದು ನಂದು" ಎಂದಿದ್ದ. ಆಗ ಭಾನುಪ್ರಿಯ ಹೈಸ್ಕೂಲಿನಲ್ಲಿದ್ದಳು.

ಕೆಲವು ವರ್ಷಗಳಲ್ಲಿ ಕನಕಪುರದ ರಸ್ತೆಯುದ್ದಕ್ಕೂ ತಂತಿ ಬೇಲಿಗಳು ಎದ್ದವು. ಹೊಲ ಕಂಪನಿಗೆ ಹೋಯಿತು. ಅಳೆಯಲು ಬಂದವರಿಗೆ ಸಿದ್ದಯ್ಯ ಹೊಂಗೆ ಮರ ತೋರಿಸಿದ. ಅದು ಹಿಂದಿನ ಮೂಲೆ, ಅಲ್ಲಿ ಏನೂ ಕಟ್ಟುವುದಿಲ್ಲ, ಇರಲಿ ಬಿಡಿ ಎಂದರು. ಅವನು ನಂಬಿದ. ಮರುವರ್ಷ ಅದೇ ಕಾಂಪೌಂಡಿನ ಕಾವಲಿಗೆ ಸೇರಿಕೊಂಡ. ರಾತ್ರಿ ಒಂದು ಸುತ್ತು, ಬೆಳಗಿನ ಜಾವ ಒಂದು ಸುತ್ತು. ಹಿಂದಿನ ಗೋಡೆಯ ಹತ್ತಿರ ಅವನ ಸುತ್ತು ಒಸಿ ನಿಧಾನವಾಗುತ್ತಿತ್ತು ಎನ್ನುವುದು ಜೊತೆಯ ಕಾವಲಿನವನಾದ ರಸೂಲನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಅವನ ಮಂಡಿ ಸವೆದು ನಡೆಯುವುದು ಕಷ್ಟವಾಯಿತು. ಅವನನ್ನು ಗೇಟಿನ ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದರು. ನಾಲ್ಕು ಕ್ಯಾಮೆರಾ, ಒಂದೇ ಪರದೆ, ನಾಲ್ಕು ಚೌಕ. ನೋಡುತ್ತ ಕೂರುವುದೇ ಕೆಲಸ. ಅಷ್ಟರಲ್ಲಿ ಕಣ್ಣೂ ಮಂಜಾಗಿತ್ತು.

*

ಗೇಟಿನಲ್ಲಿ ರಸೂಲ್ ಇದ್ದ. ಅವಳನ್ನು ಕಂಡು ಟೋಪಿ ತೆಗೆದ.

"ಪಾಳಿ ಮುಗಿಸ್ಕಂಡು ಬರನಾ ಅಂತಿದ್ದೆ ತಂಗಿ. ಬದ್ಲಿಗೆ ಯಾರೂ ಇಲ್ಲ."

ಅವಳು ಬಂದ ಕಾರಣ ಹೇಳಿದಳು. ರಸೂಲ್ ಗೇಟಿನ ಚಿಲಕ ತೆಗೆದು ಮತ್ತೆ ಹಾಕಿದ. ಸೂಪರ್‌ವೈಸರ್ ಜಯಕುಮಾರ್ ಒಳಗಿನಿಂದ ಬಂದ. ಕುದೂರಿನ ಕಡೆಯವನು, ಇಲ್ಲಿಗೆ ಬಂದು ಮೂರು ವಾರವಾಗಿತ್ತು ಅಷ್ಟೆ.

"ಕಾಂಪೌಂಡ್ ಒಳಗೆ ಮಣ್ಣು ಮಾಡೋದಾ? ನೋಡಮ್ಮ, ಇದು ನನ್ನ ಕೈಲಿಲ್ಲ."

"ನಮ್ಮವ್ವ ಅಲ್ಲೇ ಅವ್ರೆ ಸಾರ್. ಹೊಂಗೆ ಮರದ್ ಕೆಳ್ಗೆ. ಅಪ್ಪ ಇಲ್ಲಿ ಇಷ್ಟ್ ವರ್ಸ ದುಡ್ದವ್ರೆ. ಇದೊಂದೇ ಕೇಳ್ತಿರದು."

ಜಯಕುಮಾರ್ ತನ್ನ ಬೂಟು ನೋಡಿಕೊಂಡ. "ಸಾಹೇಬ್ರಿಗೆ ಹೇಳಿ ನೋಡ್ತೀನಿ. ಒಳಗೆ ಕೂತಿರಿ" ಎಂದು ಆಫೀಸಿನ ಕಡೆ ನಡೆದ.

ಕಾವಲು ಕೋಣೆಯಲ್ಲಿ ಅಪ್ಪನ ಕುರ್ಚಿ ಇತ್ತು. ಅದರ ಮೇಲೆ ಮಡಿಚಿಟ್ಟ ಗೋಣಿತಾಟು ಅವನ ಭಾರಕ್ಕೆ ತಗ್ಗಾಗಿತ್ತು. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತಳು. ಎದುರಿಗೆ ಮಾನಿಟರ್. ಅದರ ನೆತ್ತಿಗೆ ಅಂಟುಪಟ್ಟಿ ಸುತ್ತಿ ನಿಲ್ಲಿಸಿದ ಹಳೆಯ ಛತ್ರಿ ಕಡ್ಡಿ. ಕಡ್ಡಿಯ ತುದಿಯಲ್ಲಿ ಅಪ್ಪನ ದುಂಡು ಗಾಜು, ಸಣ್ಣದನ್ನು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಗೇಟಿನ ಚೌಕದ ಮುಂದೆ ತೂಗುತ್ತಿತ್ತು.

*

ಗಾಜು ಕೊಳ್ಳಲು ಅವಳೇ ಅಪ್ಪನನ್ನು ರಾಮನಗರದ ಗಫಾರ್ ಸಾಬರ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಅವಳನ್ನು ಕೊಟ್ಟಿದ್ದು ಅದೇ ಊರಿಗೆ. ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿದ್ದಳು.

ಗಫಾರ್ ಮೊದಲು ಇಡೀ ಪರದೆಗೆ ನೇತುಹಾಕುವ ದೊಡ್ಡ ಪ್ಲಾಸ್ಟಿಕ್ ಹಾಳೆ ತಂದ. ಚೌಕಟ್ಟು, ಕೊಕ್ಕೆ ಎಲ್ಲ ಇತ್ತು. ಕ್ಯಾಲೆಂಡರಿನ ಮುಂದೆ ಹಿಡಿದರೆ ತಿಂಗಳು ಪೂರ್ತಿ ಒಸಿ ಉಬ್ಬಿಕೊಂಡು ಬಂತು.

"ಇದೇ ತಕ್ಕಳಪ್ಪ. ಎಲ್ಲಾ ಕಾಣ್ತದೆ" ಎಂದಳು ಭಾನುಪ್ರಿಯ.

ಸಿದ್ದಯ್ಯ ಹಾಳೆಯ ಮುಂದೆ ಕೂತ, ಎದ್ದ, ಓರೆಯಾದ. "ಮೂಲೇಲಿ ಕಲಸ್ಕತದಲ್ಲ ಸಾಬ್ರೇ."

"ಮೂಲೆ ಯಾರ್ ನೋಡ್ತಾರೆ ಯಜಮಾನ್ರೇ? ನಡುವೆ ನೋಡಿ."

ಅವನು ಗಾಜಿನ ಪೆಟ್ಟಿಗೆಯೊಳಗೆ ಬೆರಳು ತೋರಿಸಿದ. ದಪ್ಪನೆಯ ದುಂಡು ಗಾಜು, ಅಂಗೈಗಿಂತ ದೊಡ್ಡದು. ಅದನ್ನು ಕ್ಯಾಲೆಂಡರಿನ ಒಂದೇ ತಾರೀಕಿನ ಮೇಲೆ ಹಿಡಿದು ಹಿಂದೆ ಮುಂದೆ ಆಡಿಸಿದ. ತಾರೀಕು ಗಾಜಿನ ತುಂಬ ನಿಂತಿತು. ಅಕ್ಕಪಕ್ಕದ ದಿನಗಳೆಲ್ಲ ಬಾಗಿ, ಕರಗಿ ಹೋದವು.

"ಎಲೆ ಅಲ್ಲಾಡಿದ್ರೆ ಕಾಣ್ತದಾ?" ಎಂದು ಕೇಳಿದ.

ಗಫಾರ್ ನಕ್ಕ. "ನಿಮ್ಮನ್ನ ಕಂಪ್ನಿ ಕಾಯಕ್ಕಿಟ್ಟವ್ರಾ, ಮರ ಕಾಯಕ್ಕಾ?"

"ಇದ್ರಲ್ಲಿ ಒಂದ್ ಕಡೆ ಮಾತ್ರ ಕಾಣದು ಕಣಪ್ಪ" ಎಂದು ಅವಳು ರೇಗಿದಳು. "ಲಾರಿ ನಂಬರ್ ತಪ್ ಬರ್ದು ಕೆಲ್ಸ ಕಳ್ಕಂಡ್ರೆ? ಯಾರ್ ಮಾತೂ ಕೇಳಕಿಲ್ಲ ನೀನು."

"ಒಂದ್ ಕಡೆ ಸಾಕು ಬುಡವ್ವ."

ಅವನನ್ನು ವಾಪಸ್ ಊರಿನ ಬಸ್ಸು ಹತ್ತಿಸಿದಳು. ಬಸ್ಸು ಹೊರಟಾಗ ಅವಳು ಕೈ ಎತ್ತಲಿಲ್ಲ. ಅವನು ಕಿಟಕಿಯ ಹತ್ತಿರ ಕೂತು, ಪೊಟ್ಟಣ ಬಿಚ್ಚಿ, ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ.

*

ಪರದೆಗೆಲ್ಲ ಧೂಳು ಹಿಡಿದಿತ್ತು. ಗಾಜು ತೂಗುತ್ತಿದ್ದ ಗೇಟಿನ ಚೌಕಕ್ಕೂ ಹಿಡಿದಿತ್ತು. ಆದರೆ ಬಲಗಡೆ ಕೆಳಗಿನ, ನಾಲ್ಕನೇ ಚೌಕದಲ್ಲಿ ಮಾತ್ರ ಬಟ್ಟೆಯಿಂದ ದಿನವೂ ಉಜ್ಜಿದಂತೆ ದುಂಡನೆಯ ಜಾಗವೊಂದು ಶುಭ್ರವಾಗಿತ್ತು. ಅವಳು ಅದರ ಮೇಲೆ ಬೆರಳಾಡಿಸಿದಳು. ಚಿರ್ ಎಂದಿತು.

"ರಸೂಲಣ್ಣ, ಈ ಗಾಜು ಎಲ್ಲಿರ್ತಿತ್ತು?"

ರಸೂಲ್ ಬಾಗಿಲಲ್ಲಿ ನಿಂತಿದ್ದ. "ಬೆಳಿಗ್ಗೆ ನಾನೇ ಈ ಕಡೆ ಸರಿಸ್ದೆ. ಹೊಸ ಸಾರ್ ನೋಡ್ತಾರಲ್ಲ ಅಂತ."

"ಲಾರಿ ನಂಬರ್?"

"ನಾನ್ ಹೊರಗಿಂದ ಕೂಗ್ತಿದ್ದೆ. ಅವ್ನು ಬರ್ಕತಿದ್ದ."

ಅವಳು ಛತ್ರಿ ಕಡ್ಡಿಯನ್ನು ಬಗ್ಗಿಸಿ ಗಾಜನ್ನು ಕೆಳಗಿನ ಮೂಲೆಗೆ ತಂದಳು. ಮೊದಲು ಎಲ್ಲ ಮಂಜು. ಅಪ್ಪನ ಕುರ್ಚಿಯಲ್ಲಿ ಕೂತ ಮೇಲೆ ಸರಿಹೋಯಿತು. ಹಿಂದಿನ ಗೋಡೆ. ಗೋಡೆಯ ಮುಂದೆ ಕಾಂಕ್ರೀಟಿನ ಕಟ್ಟೆ, ಅದರ ಮೇಲೆ ಸಾಲಾಗಿ ಡ್ರಮ್ಮುಗಳು. ಮರ ಇರಲಿಲ್ಲ. ಮರ ಇದ್ದ ಕಡೆಗೂ ಕಟ್ಟೆಯೇ ಇತ್ತು.

ಅವಳು ಗಾಜನ್ನು ಹಿಂದೆ ಮುಂದೆ ಆಡಿಸಿ ಮತ್ತೆ ನೋಡಿದಳು.

"ಯಾವಾಗ?"

"ಎಲ್ಡ್ ತಿಂಗ್ಳಾಯ್ತು. ಜೆಸಿಬಿ ಬಂತು. ಮರ ಕೆಡವಿದ್ರು, ಆಳಕ್ಕೆ ತೋಡುದ್ರು." ರಸೂಲ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ಮಗೀಗೆ ಹೇಳ್ಬ್ಯಾಡ ಅಂತ ನಿಮ್ಮಪ್ಪ ಅಂದಿದ್ದ."

"ಅಪ್ಪ ನೋಡಿದ್ನಾ?"

"ಅವ್ನ್ದೇ ಪಾಳಿ. ಇಲ್ಲೇ ಕೂತಿದ್ದ. ಟೀ ತಂದ್ಕೊಟ್ಟೆ, ಕೆನೆ ಕಟ್ತು, ಮುಟ್ಲಿಲ್ಲ."

ಹೊರಗೆ ಯಾವುದೋ ಲಾರಿ ಹಾರ್ನ್ ಮಾಡಿತು. ರಸೂಲ್ ಹೋಗಿ ಗೇಟು ತೆಗೆದು, ಮುಚ್ಚಿ, ಬಂದ. ನಿಂತಲ್ಲೇ ನಿಂತು, ಅವಳ ಕಡೆ ನೋಡದೆ ಹೇಳಿದ:

"ಆ ಮಣ್ಣೆಲ್ಲ ಟಿಪ್ಪರಿಗೆ ತುಂಬಿ ಈ ಗೇಟಲ್ಲೇ ಆಚೆ ಸಾಗ್ಸುದ್ರು. ಮಂಡಿನೋವು ಬಂದ್ಮ್ಯಾಕೆ ಅವ್ನು ಯಾವ್ ಗಾಡೀಗೂ ಎದ್ದೋನಲ್ಲ. ಅದಕ್ಕೆ ಎದ್ದ. ಗೋಡೆ ಹಿಡ್ಕಂಡು ಆಚೆ ಬಂದು ನಿಂತ್ಕಂಡು ಸಲ್ಯೂಟ್ ಹೊಡ್ದ. ಡ್ರೈವರು ನಕ್ಕಂಡು ಹೋದ."

ಭಾನುಪ್ರಿಯ ಗಾಜಿನ ಕಡೆ ತಿರುಗಿದಳು. ಗಾಜಿನೊಳಗೆ ಯಾರೋ ಒಬ್ಬ ಬಂದು ಡ್ರಮ್ಮಿನ ಮೇಲೆ ಊಟದ ಡಬ್ಬಿ ಇಟ್ಟು, ಕಟ್ಟೆಯ ತುದಿಯಲ್ಲಿ ಕೂತ.

ಜಯಕುಮಾರ್ ಹೆಚ್ಚುಕಡಿಮೆ ಓಡುತ್ತಲೇ ಬಂದ. ಮುಖ ಬೆವೆತಿತ್ತು.

"ಒಪ್ಪಿದ್ರು ಕಣಮ್ಮ! ಹತ್ತು ಜನ, ಹಿಂದಿನ ಗೇಟಲ್ಲಿ ಬನ್ನಿ. ತಮಟೆ ಬೇಡ. ಗೋಡೆ ಪಕ್ಕ ಎಲ್ಲಾದ್ರೂ ಸರಿ ಅಂದ್ರು."

ಅವಳು ಎದ್ದಳು. "ಬ್ಯಾಡಿ ಸಾರ್."

"ಏನು?"

"ಅಪ್ಪ ಕೆರೆ ತಾವ ಅಂತ ಹೇಳವ್ರಂತೆ. ನಂಗೊತ್ತಿರ್ಲಿಲ್ಲ."

"ಅಲ್ಲಮ್ಮ, ನಾನು ಎಷ್ಟು ಬೇಡ್ಕೊಂಡು..." ಜಯಕುಮಾರ್ ರಸೂಲನ ಮುಖ ನೋಡಿದ. ರಸೂಲ್ ಟೋಪಿ ಹಾಕಿಕೊಂಡು ಗೇಟಿನ ಕಡೆ ತಿರುಗಿದ್ದ.

ಅವಳು ಹೊರಗೆ ಬಂದಾಗ ರಸೂಲ್ ಮೆಲ್ಲಗೆ ಕೇಳಿದ, "ಆ ಗಾಜು? ನಿಮ್ಮಪ್ಪಂದು. ಬಿಚ್ಕೊಡ್ಲಾ?"

"ಅಲ್ಲೇ ಇರ್ಲಿ ಬುಡಣ್ಣ."

ಬಿಸಿಲು ಇಳಿಯುತ್ತಿತ್ತು. ಕೆರೆಯ ಮಗ್ಗುಲಲ್ಲಿ ಚಿಕ್ಕರಾಜು ಜಾಲಿಯ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಅವಳು ಬರುವುದನ್ನು ದೂರದಿಂದಲೇ ನೋಡಿದರೂ ಏಳಲಿಲ್ಲ.

"ಆಗಕಿಲ್ಲ ಅಂದ್ರಾ?"

"ಆಗ್ತದೆ ಅಂದ್ರು." ಅವಳು ಅವನ ಎದುರು ಕೂತಳು. "ನೀನ್ ಹೇಳಿದ್ದು ದಿಟ ಚಿಕ್ಕಪ್ಪ. ಬೆಳಿಗ್ಗೆ ಬಾಯಿಗ್ ಬಂದಂಗ್ ಅಂದ್ಬುಟ್ಟೆ."

ಅವನು ಒಂದು ಕಡ್ಡಿಯಿಂದ ನೆಲ ಕೆದಕಿದ. "ಸುಸ್ತಾದಾಗ ಬಾಯಿ ಜಾರ್ತದೆ ಕಣ್ ಮಗ. ಎಲ್ರಿಗೂ" ಎಂದ. ಆಮೇಲೆ ಎದ್ದು ಹಾರೆ ತೆಗೆದುಕೊಂಡ.

"ಒಸಿ ಅಗಲಕ್ಕೆ ತೋಡ್ಸು" ಎಂದಳು ಭಾನುಪ್ರಿಯ.

"ಎಷ್ಟ್ ಅಗಲ?"

"ಇಬ್ರು ಮಲಗೋವಷ್ಟು."

ಗುದ್ದಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕರಾಜು ಅಂಗೈಗೆ ಉಗುಳಿಕೊಂಡು ಹಾರೆ ಎತ್ತಿದ.

ಸಿದ್ದಯ್ಯನನ್ನು ತಂದಾಗ ಕೆರೆಯ ನೀರು ಕೆಂಪಗಾಗಿತ್ತು. ಗುಂಡಿಯ ಬಲಗಡೆಗೆ ಒತ್ತರಿಸಿ ಮಲಗಿಸಿದರು. ಎಡಗಡೆ ಒಂದು ಆಳುದ್ದ ಹಾಗೇ ಉಳಿಯಿತು. ಮೊದಲ ಹಿಡಿ ಮಣ್ಣು ಮಗಳದು ಎಂದರು. ಭಾನುಪ್ರಿಯ ಬಗ್ಗಿ ಮಣ್ಣು ತೆಗೆದುಕೊಂಡು, ಗುಂಡಿಯ ಸುತ್ತ ಅರ್ಧ ನಡೆದು ಆ ಬದಿಗೆ ಹೋಗಿ ನಿಂತು, ಯಾರೂ ಇಲ್ಲದ ಕಡೆಗೆ ಹಾಕಿದಳು.