ಬೀಗದೊಳಗಿನ ಹದಿನೇಳು ಅಂಗಗಳು

ನಾನು ಒಂದು ಪ್ಲಾಸ್ಟಿಕ್ ಮುಂಡ. ಕುತ್ತಿಗೆಯಿಂದ ಸೊಂಟದವರೆಗೆ ಮಾತ್ರ ಇದ್ದೇನೆ. ಕೈಯಿಲ್ಲ, ಕಾಲಿಲ್ಲ, ಬಾಯಂತೂ ಮೊದಲೇ ಇಲ್ಲ. ಇದ್ದಿದ್ದರೆ ಇಷ್ಟು ವರ್ಷ ಸುಮ್ಮನೆ ಕೂರುತ್ತಿದ್ದೆನೇ?

ಉತ್ತರದ ಯಾವುದೋ ಊರಿನ ಕಾರ್ಖಾನೆಯಲ್ಲಿ ಅಚ್ಚಿನಿಂದ ಹೊರಬಂದೆ. ಸಣ್ಣ ಕುಂಚ ಹಿಡಿದ ಹೆಂಗಸೊಬ್ಬಳು ನನ್ನ ರಕ್ತನಾಳಗಳಿಗೆ ಕೆಂಪು, ನೀಲಿ ಬಣ್ಣ ಬಳಿದಳು. ಎದೆಯ ಮುಚ್ಚಳ ತೆಗೆದರೆ ಹೃದಯ, ಶ್ವಾಸಕೋಶ, ಲಿವರ್, ಜಠರ, ಕರುಳು ಎಲ್ಲ ಸೇರಿ ಹದಿನೇಳು ಅಂಗಗಳು ಬಿಡಿಬಿಡಿಯಾಗಿ ಕೈಗೆ ಬರುತ್ತವೆ. ಮಕ್ಕಳು ತೆಗೆದು, ತಿರುಗಿಸಿ ನೋಡಿ, ಮತ್ತೆ ಜೋಡಿಸಿ ಕಲಿಯಲಿ ಅಂತಲೇ ನನ್ನನ್ನು ಹಾಗೆ ಮಾಡಿದ್ದು.

ಬಂದು ಸೇರಿದ್ದು ಬಯಲುಸೀಮೆಯ ಒಂದು ನರ್ಸಿಂಗ್ ಕಾಲೇಜಿಗೆ. ಪ್ರಿನ್ಸಿಪಾಲ್ ಜಯಶೀಲಾ ಮೇಡಂ ನನ್ನನ್ನು ಗಾಜಿನ ಕಪಾಟಿನಲ್ಲಿ ಕೂರಿಸಿ, ಬೀಗ ಜಡಿದು, 'ಮುಟ್ಟಬೇಡಿ' ಎಂದು ಚೀಟಿ ಅಂಟಿಸಿದರು. ಏನು ಉಪಚಾರ ಅಂತೀರಿ. ಪಾಠವೆಲ್ಲ ಗೋಡೆಯ ಚಾರ್ಟಿನ ಮೇಲೆ ನಡೆಯುತ್ತಿತ್ತು. ನಾನು ಕಪಾಟಿನಲ್ಲಿ ಕೂತು ಧೂಳು ತಿನ್ನುತ್ತಿದ್ದೆ.

ಮೊದಲ ವರ್ಷದ ಫಕೀರವ್ವ ಮಾತ್ರ ಚಾರ್ಟ್ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಅವಳ ತಾಯಿ ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ. ಮಗಳು ಅದೇ ವಾರ್ಡಿಗೆ ನರ್ಸಾಗಿ ಬರಬೇಕೆಂಬುದು ಆ ತಾಯಿಯ ಹಟ. ಅಣ್ಣನ ಮಾತು ಬೇರೆ: ಒಂದು ಸಲ ಫೇಲಾದರೂ ಓದು ಬಂದ್, ಮದುವೆ.

"ಮೇಡಂ, ಒಂದ್ಸಲ ತಗದು ನೋಡ್ಲೇನ್ರಿ?" ಎಂದು ಅವಳು ಕೇಳಿದಳು.

"ಒಡದ್ರ ಇನ್‌ಸ್ಪೆಕ್ಷನ್‌ಗೆ ಏನು ತೋರಿಸ್ಲಿ? ಕಣ್ಣಿಲ್ಲೇನು, ನೋಡಿ ಕಲಿ," ಎಂದರು ಮೇಡಂ.

ಈ ಸಂಸ್ಥೆಯವರಿಗೆ ಮೂರು ಊರಿನಲ್ಲಿ ಮೂರು ಕಾಲೇಜು. ಮೂರಕ್ಕೂ ಇದ್ದದ್ದು ನಾನೊಂದೇ. ಎಲ್ಲಿ ಇನ್‌ಸ್ಪೆಕ್ಷನ್ನೋ ಅಲ್ಲಿಗೆ ವ್ಯಾನಿನಲ್ಲಿ ನನ್ನ ಸವಾರಿ. ಅಲ್ಲಿ ಹುಡುಗಿಯರು ಕಡಿಮೆಯಿದ್ದರೆ ಇಲ್ಲಿನವರನ್ನೇ ತುಂಬಿಕೊಂಡು ಹೋಗಿ ಅಲ್ಲಿಯವರೆಂದು ಕೂರಿಸುತ್ತಿದ್ದರು. ರಸ್ತೆ ಗುಂಡಿಯಲ್ಲಿ ನಾನು ಒಡೆಯಬಾರದಲ್ಲ, ಅಟೆಂಡರ್ ದ್ಯಾಮಣ್ಣ ನನ್ನನ್ನು ಫಕೀರವ್ವನ ತೊಡೆಯ ಮೇಲಿಟ್ಟ. ಅವಳು ಮುಚ್ಚಳಕ್ಕೆ ಕೈ ಹಾಕಿದಾಗ ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಒಳ್ಳೆಯವನು.

ನನ್ನ ಬೆನ್ನನ್ನು ಎದೆಗೊತ್ತಿಕೊಂಡು ಅವಳು ಲಿವರ್ ಹೊರತೆಗೆದಳು. ಆಮೇಲೆ ತನ್ನ ಬಲಪಕ್ಕೆಯ ಕೆಳಗೆ ಬೆರಳಿಟ್ಟು, "ಇಲ್ಲೇ ಐತಿ ನಂದೂ," ಎಂದಳು. ಚಾರ್ಟ್ ನೋಡಿ ಕಲಿತ ಉಳಿದವರು ಎಡಕ್ಕೋ ಬಲಕ್ಕೋ ಎಂದು ಇನ್ನೂ ತಡವರಿಸುತ್ತಿದ್ದರು. ಎರಡು ಸವಾರಿ ಮುಗಿಯುವಷ್ಟರಲ್ಲಿ ಅವಳಿಗೆ ಹದಿನೇಳೂ ಕೈವಶ; ಸುದ್ದಿ ಮೇಡಂ ಕಿವಿಗೂ ಬಿತ್ತು. ನನಗೆ ಆದ ಸಂತೋಷ ಎಷ್ಟೆಂದು ಹೇಳಲಿ. ಹುಟ್ಟಿದ್ದು ಸಾರ್ಥಕ ಅನ್ನಿಸಿತು.

ಮೂರನೆಯ ಸವಾರಿ ಬಿದ್ದದ್ದು ಅವಳ ಪ್ರಾಕ್ಟಿಕಲ್ ಪರೀಕ್ಷೆಯ ದಿನವೇ.

"ಇವತ್ತು ನನ್ನ ಪರೀಕ್ಷಾ ಐತ್ರಿ ಮೇಡಂ," ಎಂದಳು.

"ನಾ ಎಗ್ಸಾಮಿನರ್‌ಗೆ ಹೇಳ್ತೀನಿ, ನಿಂದು ನಾಳೆ ತಗೋತಾರ. ಈ ಮುಂಡ ಬಿಚ್ಚಿ ಜೋಡ್ಸಾಕ ನಿನ್ನ ಬಿಟ್ರ ಯಾರಿಗೆ ಬರ್ತದ? ವ್ಯಾನ್ ಹತ್ತು," ಎಂದರು ಮೇಡಂ.

ಇನ್‌ಸ್ಪೆಕ್ಟರ್ ಆ ಊರಿನ ಕಾಲೇಜಿನಲ್ಲಿ ನಿಂತು ನೋಡಿದರು. ಫಕೀರವ್ವ ಒಂದೊಂದೇ ಅಂಗ ತೆಗೆದು, ಹೆಸರು ಹೇಳಿ, ಅದರ ಕೆಲಸ ಹೇಳಿ, ಮತ್ತೆ ಜೋಡಿಸಿದಳು. ಒಂದು ಕಡೆಯೂ ಕೈ ತಪ್ಪಲಿಲ್ಲ. 'ಇಲ್ಲಿ ವಿದ್ಯಾರ್ಥಿನಿಯರು ಸ್ವತಃ ಮುಟ್ಟಿ ಕಲಿಯುತ್ತಾರೆ' ಎಂದು ಇನ್‌ಸ್ಪೆಕ್ಟರ್ ವರದಿಯಲ್ಲಿ ಬರೆದರು. ಆ ಕಾಲೇಜಿಗೆ ಹತ್ತು ಸೀಟು ಹೆಚ್ಚು ಸಿಕ್ಕಿತು.

ಇತ್ತ ಎಗ್ಸಾಮಿನರ್ ಚಾರ್ಟ್ ತೋರಿಸಿ ಎಲ್ಲರನ್ನೂ ಪಾಸು ಮಾಡಿ ಅದೇ ಸಂಜೆ ಊರಿಗೆ ಹೋಗಿದ್ದರು. ಅವರಿಗೆ ಹೇಳುವುದನ್ನು ಮೇಡಂ ಮರೆತಿದ್ದರು. ಮರೆತರೋ, ಹೇಳಲು ಹೋದರೆ ವ್ಯಾನಿನ ಕಥೆಯೂ ಹೊರಬಿದ್ದೀತೆಂದು ಬಾಯಿ ಮುಚ್ಚಿಕೊಂಡರೋ, ಅವರನ್ನೇ ಕೇಳಬೇಕು. ಫಕೀರವ್ವನ ಹೆಸರಿನ ಮುಂದೆ 'ಗೈರುಹಾಜರಿ' ಎಂದು ಬಿತ್ತು, ಅಂದರೆ ಫೇಲು.

ಅವಳ ತಾಯಿ ಬಂದು ಪ್ರಿನ್ಸಿಪಾಲರ ಬಾಗಿಲಲ್ಲಿ ಮಧ್ಯಾಹ್ನದವರೆಗೂ ನಿಂತಳು. "ನನ್ನ ಮಗಳು ಎಲ್ಲಿದ್ಲು ಅಂತ ನಿಮಗ ಗೊತ್ತಿಲ್ಲೇನ್ರಿ?" ಎಂದು ಕೇಳಿದಳು. ಮೇಡಂ ಮುಂದಿನ ಕಾಗದಕ್ಕೆ ಸಹಿ ಹಾಕಿದರು. ಆ ವೈಶಾಖದಲ್ಲೇ ಫಕೀರವ್ವನ ಮದುವೆಯಾಯಿತಂತೆ.

ಆಮೇಲೆ ನನ್ನನ್ನು ತೊಡೆಯ ಮೇಲಿಟ್ಟುಕೊಂಡ ಹುಡುಗಿಯರು ಯಾರೂ ಮುಚ್ಚಳ ತೆಗೆಯಲಿಲ್ಲ. ಅವಳಿಗೆ ಆದದ್ದು ಎಲ್ಲರಿಗೂ ಗೊತ್ತಿತ್ತು. ಹನ್ನೊಂದು ವರ್ಷ ಸುತ್ತಾಡಿಸಿದರು. ಬಿಸಿಲಿಗೆ ನನ್ನ ಬೆನ್ನು ಬಿರುಕು ಬಿಟ್ಟಿತು. ಹೊಸ ಮುಂಡ ಬಂತು, ಅದೇ ಚೀಟಿ ಅದಕ್ಕೆ ಹೋಯಿತು. ಈಗ ನಾನು ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ತಂದುಬಿಟ್ಟವನು ದ್ಯಾಮಣ್ಣ, ತಲೆ ಪೂರ್ತಿ ನರೆತಿದೆ.

ಗುಜರಿಯವನು ನನ್ನ ಎದೆ ತೆಗೆದು ಬೆರಗಾದ. "ಒಳಗೆಲ್ಲ ಹೊಸಾದಂಗೈತಲ್ಲೋ ಮಾರಾಯ. ಯಾರೂ ಮುಟ್ಟೇ ಇಲ್ಲೇನು?"

"ಒಬ್ಬಾಕಿ ಮುಟ್ಟಿ ಕಲ್ತಿದ್ಲು," ಎಂದ ದ್ಯಾಮಣ್ಣ. "ಆ ವರ್ಷ ಫೇಲಾದಾಕಿ ಆಕಿ ಒಬ್ಬಾಕಿನೇ."