ಹೆಳವನ ಪುಸ್ತಕದಲ್ಲಿ ಗದಿಗೆಪ್ಪ

"ಕೊಡು ಇತ್ತ, ನನ್ನ ಕಣ್ಣಿಗೆ ಸೋಲದ ಅಕ್ಷರ ಇನ್ನೂ ಹುಟ್ಟಿಲ್ಲ," ಎಂದು ಗದಿಗೆಪ್ಪ ಪುಸ್ತಕವನ್ನು ಕಸಿದುಕೊಂಡೇಬಿಟ್ಟ.

ಬರೀ ಬಡಾಯಿಯಲ್ಲ. ಫೋರ್ಟಿನ ದಫ್ತರವೊಂದರಲ್ಲಿ ಹನ್ನೊಂದು ವರ್ಷದಿಂದ ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದ ಓದುವುದೇ ಅವನ ನೌಕರಿ. ಪೇಶ್ವೆ ಕಾಲದ ಗುಮಾಸ್ತ ಸೀನಿದ ಕಲೆಯನ್ನೂ ಅವನು ಓದಬಲ್ಲನೆಂದು ಆಂಟಾಪ್ ಹಿಲ್‌ನ ಇಡೀ ಚಾಳು ನಂಬಿತ್ತು. ಮೊದಲು ನಂಬಿದವನು ಅವನೇ. ಓದಲಾಗದ ಕಡೆ ಅವನು ಎಂದೂ ತಡೆದು ನಿಂತವನಲ್ಲ. ಏನಾದರೊಂದು ಹೇಳಿ ಮುಂದಕ್ಕೆ ಹೋಗುತ್ತಿದ್ದ. ಸತ್ತವರು ಯಾರೂ ಎದ್ದು ಬಂದು ತಕರಾರು ಮಾಡಿರಲಿಲ್ಲ.

ಪುಸ್ತಕ ಹೆಳವ ಪರಪ್ಪನದು. ಮನೆತನಗಳ ತಲೆಮಾರು ಬರೆದಿಟ್ಟು, ಊರೂರು ತಿರುಗಿ, ಬಾಗಿಲ ಮುಂದೆ ಓದಿ ಹೇಳುವುದು ಅವನ ಕುಲದ ಕಸುಬು. ಎತ್ತಿನ ಮೇಲೆ ಬರಬೇಕಾದವನು ಎತ್ತನ್ನು ವಿಜಾಪುರದ ಕಡೆ ಬಿಟ್ಟು ಲೋಕಲ್ ರೈಲು ಹತ್ತಿ ಬಂದಿದ್ದ. ಟಿಕೇಟು ಕೇಳಿದವನಿಗೆ ನಿನ್ನ ಮುತ್ತಜ್ಜನ ಹೆಸರೇನು ಎಂದನಂತೆ.

"ಮೂವತ್ತಾರು ವರ್ಸ ನಿಮ್ಮ ಮನಿ ಸಿಗಲಿಲ್ರಿ ಸಾಹೇಬ್ರ. ನೀವು ಹುಟ್ಟಿದ್ದು ಇದರಾಗ ಇಲ್ಲ. ನಿಮ್ಮಪ್ಪನ ಹೆಸರಿನ ಕೆಳಗ ನಿಮ್ಮ ಹೆಸರು ಕೂಡಬೇಕು. ಇಲ್ಲಂದ್ರ ನಿಮ್ಮ ಮನಿತನ ಅಲ್ಲಿಗೇ ಮುಗದಂಗ."

"ನೀನ ಬರದ್ರ ಆತಲ್ಲ."

"ಕಣ್ಣಿಗೆ ಪೊರಿ ಬಂದೈತ್ರಿ. ಹಾಳಿ ಗುರುತಿಗೆ ನೂಲು ಇಟ್ಟೀನಿ, ಅಷ್ಟ."

ಗದಿಗೆಪ್ಪ ಹುಟ್ಟುವ ಮೊದಲೇ ಅಪ್ಪ ಶೆಟ್ಟೆಪ್ಪ ತೀರಿಕೊಂಡಿದ್ದ. ಫೋಟೋ ಇಲ್ಲ, ಗೋರಿಯ ಗುರುತಿಲ್ಲ. ಈ ಹಾಳೆಯ ಹೊರತು ಅಪ್ಪ ಎಲ್ಲೂ ಇರಲಿಲ್ಲ.

ನೂಲು ಸರಿಸಿ ನೋಡಿದ. ಅರ್ಧ ಮೋಡಿ, ಅರ್ಧ ಕನ್ನಡ, ಉಳಿದದ್ದು ಜಿರಳೆಯ ಕೃಪೆ. ಪರಪ್ಪನ ಅಪ್ಪ ಲೇಖನಿ ಎತ್ತದೆ ಒಂದೇ ಉಸಿರಿಗೆ ಹತ್ತು ತಲೆಮಾರು ಎಳೆದಿದ್ದ. ಎಲ್ಲಿ ಒಬ್ಬ ಸತ್ತ, ಎಲ್ಲಿ ಇನ್ನೊಬ್ಬ ಹುಟ್ಟಿದ, ತಿಳಿಯುವಂತಿರಲಿಲ್ಲ. ಪ್ರತಿ ಗೆರೆಯೂ ಶೆಟ್ಟೆಪ್ಪನಂತೆ ಕಂಡಿತು. ಮತ್ತೆ ನೋಡಿದರೆ ಒಂದೂ ಅಲ್ಲ.

ಬಾಗಿಲಲ್ಲಿ ಹೆಂಡತಿ ಬಸಲಿಂಗವ್ವ, ಅವಳ ಹಿಂದೆ ಅರ್ಧ ಚಾಳು.

"ಓದ್ರಿ, ಯಾಕ ಸುಮ್ಮನಾದ್ರಿ?" ಎಂದಳು.

ಗದಿಗೆಪ್ಪ ಗಂಟಲು ಸರಿಮಾಡಿಕೊಂಡು ಶುರುಹಚ್ಚಿದ. ಮೂಲಪುರುಷ ಗುರುಬಸಪ್ಪ, ಮದವೇರಿದ ಆನೆಯನ್ನು ಬಾಲ ಹಿಡಿದು ನಿಲ್ಲಿಸಿದವನು. ಅವನ ಮಗ ಈರಪ್ಪ, ಆದಿಲಶಾಹಿಯ ಎದುರು ರುಮಾಲು ತೆಗೆಯದವನು. ಏಳು ತಲೆಮಾರು ಸರಸರ ಇಳಿದುಬಂದವು. ಯಾರೋ ಭಲೇ ಎಂದರು.

ಪರಪ್ಪ ತಲೆ ಬಗ್ಗಿಸಿ ಕೇಳುತ್ತಿದ್ದ. "ಬಾವಿ ತೋಡಾಕ ಇಳದು ಸತ್ತಾವ ಒಬ್ಬಾವ ಬರಬೇಕಲ್ರಿ ನಡುವ?"

"ಅದಾನ. ಇಲ್ಲೇ ಅದಾನ."

"ತಡೀರಿ... ಅಂವ ಮುಧೋಳದವರ ಮನಿಯಾಂವ. ನಾ ತಪ್ಪಿ ಅಂದೆ."

"ಬಾವಿ ಎಲ್ಲಾ ಊರಾಗೂ ಇರ್ತಾವ ಪರಪ್ಪ," ಎಂದ ಗದಿಗೆಪ್ಪ.

"ಹೌದ್ರಿ. ಸಾಯಾವ್ರೂ ಇರ್ತಾರ," ಎಂದು ಪರಪ್ಪ ನಕ್ಕ. ಏಕೆ ನಕ್ಕನೋ. "ಬರೀರಿ ಇನ್ನ. ನಿಮ್ಮಪ್ಪನ ಕೆಳಗ."

ಪೆನ್ನು ಹಾಳೆಯ ಮೇಲೆ ಒಂದು ಸುತ್ತು ತಿರುಗಿತು. ನನಗೆ ಓದಲು ಬರುವುದಿಲ್ಲ ಎಂದರೆ ಮೂರು ಮಾತು, ಮುಗಿಯಿತು. ಆ ಮೂರು ಮಾತು ಅವನು ಜನ್ಮದಲ್ಲಿ ಆಡಿರಲಿಲ್ಲ. ಖಾಲಿ ಕಂಡ ಕಡೆ ಪೆನ್ನೂರಿ, ದಫ್ತರದ ಸಾಹೇಬರೇ ಮೆಚ್ಚಿದ ಮುತ್ತಿನಂಥ ಅಕ್ಷರದಲ್ಲಿ ಬರೆದ: ಗದಿಗೆಪ್ಪ. ಮೇಲಿದ್ದವನು ಯಾರೋ, ಯಾರ ಅಪ್ಪನೋ, ಇಪ್ಪತ್ತರಲ್ಲಿ ಸತ್ತನೋ ಎಂಬತ್ತರಲ್ಲೋ. ಇಡೀ ಹಾಳೆಯಲ್ಲಿ ಓದಬರುತ್ತಿದ್ದದ್ದು ಅದೊಂದೇ ಹೆಸರು.

"ಎಲ್ಲಿ ಕೂತ್ರಿ?" ಎಂದು ಪರಪ್ಪ ಹಾಳೆಯ ಮೇಲೆ ಅಂಗೈ ಆಡಿಸಿದ. ತೇವ ಹತ್ತಿದ ಕಡೆ ಕೈ ನಿಂತಿತು. "ಹಾಂ. ಇಲ್ಲಿ." ಒತ್ತಿ, ಕಣ್ಣು ಮುಚ್ಚಿ ಹರಸಿದ. ಬಸಲಿಂಗವ್ವ ಕೊಟ್ಟ ಧೋತರ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ.

ಗದಿಗೆಪ್ಪ ಗ್ಯಾಲರಿಗೆ ಬಂದು ನಿಂತ. ಕೆಳಗೆ ಪರಪ್ಪ ಚಾಳಿನ ನಲ್ಲಿಯನ್ನು ತಡವಿ ತಿರುಗಿಸಿ, ನೀರು ಕುಡಿಯುವ ಮೊದಲು ಅಂಗೈ ತಿಕ್ಕಿ ತೊಳೆದ. ಅಂಗೈಗೆ ಹತ್ತಿದ್ದ ಶಾಯಿಯ ಕಪ್ಪಗಿನ ಸಣ್ಣದೊಂದು ಎಳೆ ಕಲ್ಲಿನ ಮೇಲೆ ಬಳುಕಿ, ಎಲ್ಲೂ ಮುರಿಯದೆ, ಮೋರಿಯ ಕಡೆ ಹರಿಯಿತು.

ಮೇಲಿನಿಂದ ಗದಿಗೆಪ್ಪ ಕಣ್ಣು ಕಿರಿದು ಮಾಡಿ ಅದನ್ನೂ ಓದುತ್ತಿದ್ದ. ತುಟಿಗಳು ಅಲುಗುತ್ತಿದ್ದವು.